ಲಕ್ಷಕ್ಕೆ ಒಂದು ಅಂದವರು ಯಾರು?

ರಿಚರ್ಡ್ ಫೈನ್‌ಮನ್ ಎಂಬ ಅಮೆರಿಕದ ಭೌತವಿಜ್ಞಾನಿ 1986ರಲ್ಲಿ ಬರೆದ ಒಂದು ಸಣ್ಣ ಬರಹವನ್ನು ನಮ್ಮ ವಾಚನಾಲಯದಲ್ಲಿ ಮೂರು ಸಂಜೆ ಕೂತು ಓದಿದೆವು. ಇಂಗ್ಲಿಷಿನಲ್ಲಿದ್ದದ್ದನ್ನು ಹೈಸ್ಕೂಲಿನ ಗಣಿತದ ಮೇಷ್ಟ್ರು ಒಂದೊಂದೇ ಪ್ಯಾರಾ ಬಿಡಿಸಿ ಕನ್ನಡದಾಗ ಹೇಳಿದರು. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ನನ್ನ ತಂಗಿಯ ಮಗ ರಜೆಗೆ ಬಂದಿದ್ದ. ಲೆಕ್ಕದ ಭಾಗವನ್ನು ಅವನು ತೋರಿಸಿಕೊಟ್ಟ. ಓದಿ ಮುಗಿದ ಮೇಲೆ ಕೆಲವರು "ನೋಡ್ರಿ, ಕಂಪ್ಯೂಟರ್ ಲೆಕ್ಕ ಅಂದ್ರ ಇಷ್ಟ" ಅಂದು ಎದ್ದರು. ಬರಹ ಹಾಗೆ ಹೇಳುವುದಿಲ್ಲ. ಅದು ಏನು ಹೇಳುತ್ತದೆ, ಎಲ್ಲಿ ಗಟ್ಟಿಯಾಗಿ ಹೇಳುತ್ತದೆ, ಎಲ್ಲಿ ಅರ್ಧಕ್ಕೆ ಬಿಡುತ್ತದೆ ಅನ್ನುವುದನ್ನು ತೂಗಿ ನೋಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಹೊಲ ಮಾಡಿಕೊಂಡು, ಭಜನಿ ಪದ ಹಾಡಿಕೊಂಡು ಇರುವವನಿಗೆ ರಾಕೆಟ್ಟಿನ ಉಸಾಬರಿ ಯಾಕೆ ಅಂತ ಕೇಳಬಹುದು. ಆದೋನಿ ಸೀಮೆಯ ನಮ್ಮ ಹೊಲಗಳಿಗೆ ಕಾಲುವೆ ನೀರು ಬರುವುದು ತುಂಗಭದ್ರಾ ಡ್ಯಾಮಿನಿಂದ. ಆ ಡ್ಯಾಮಿಗೆ 33 ಗೇಟು. ಒಂದು ಗೇಟಿನ ಸರಪಳಿ ಎಷ್ಟು ದಿನ ತಡೆದೀತು ಅನ್ನುವ ಪ್ರಶ್ನೆ, ರಾಕೆಟ್ಟಿನ ಒಂದು ರಬ್ಬರ್ ಬಳೆ ಎಷ್ಟು ತಡೆದೀತು ಅನ್ನುವ ಪ್ರಶ್ನೆ, ಎರಡೂ ಒಂದೇ ಜಾತಿಯವು. ಡ್ಯಾಮಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಬರಹದ ಹಿಂದಿನ ಸಂಗತಿ ತಿಳಿಯಬೇಕು.

1986ರ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಚಾಲೆಂಜರ್ ಎಂಬ ನೌಕೆ ಮೇಲೆ ಹಾರಿ 73 ಸೆಕೆಂಡಿಗೆ ಆಕಾಶದಲ್ಲೇ ಚೂರಾಯಿತು. ಒಳಗಿದ್ದ ಏಳು ಮಂದಿಯೂ ಸತ್ತರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಎಂಬ ಶಾಲೆಯ ಶಿಕ್ಷಕಿ ಒಬ್ಬಳಿದ್ದಳು. ಮೇಲಿನಿಂದಲೇ ಮಕ್ಕಳಿಗೆ ಪಾಠ ಹೇಳಬೇಕು ಅಂತ ಆಕೆಯನ್ನು ಆರಿಸಿ ಕರೆದೊಯ್ದಿದ್ದರು. ನೌಕೆಯ ಮಗ್ಗುಲಿಗೆ ಕಟ್ಟಿದ್ದ ಎರಡು ದೊಡ್ಡ ರಾಕೆಟ್ಟುಗಳು ತುಂಡು ತುಂಡಾಗಿ ಜೋಡಿಸಿದಂಥವು. ಜೋಡಣೆಯ ಸಂದಿನಿಂದ ಒಳಗಿನ ಬೆಂಕಿ ಹೊರಗೆ ಬರಬಾರದು ಅಂತ ಪ್ರತಿ ಸಂದಿಗೂ ಎರಡೆರಡು ರಬ್ಬರ್ ಬಳೆ ಹಾಕಿದ್ದರು. ಅವತ್ತು ಮುಂಜಾನೆ ಕೊರೆಯುವ ಚಳಿ, ಹಾರುವ ಹೊತ್ತಿಗೆ 2 ಡಿಗ್ರಿ ಸೆಲ್ಸಿಯಸ್ಸಿನ ಸುಮಾರು. ಅದಕ್ಕೆ ಮೊದಲು 12 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ನೌಕೆ ಹಾರಿದ್ದೇ ಇಲ್ಲ. ರಬ್ಬರ್ ಬಿರುಸಾಗಿ ಸಂದು ಮುಚ್ಚಲಿಲ್ಲ. ತನಿಖೆಗೆ ಅಲ್ಲಿನ ಅಧ್ಯಕ್ಷರು ನೇಮಿಸಿದ ಸಮಿತಿಯಲ್ಲಿ ಫೈನ್‌ಮನ್ ಒಬ್ಬರು. ಟಿವಿಯವರ ಎದುರು ಐಸ್ ನೀರಿನ ಗ್ಲಾಸಿನಲ್ಲಿ ರಬ್ಬರ್ ತುಂಡು ಅದ್ದಿ ತೋರಿಸಿದ ಮನುಷ್ಯ ಅವರೇ. ಸಮಿತಿಯ ದೊಡ್ಡ ವರದಿಯ ಹಿಂದೆ ಅನುಬಂಧವಾಗಿ ಅವರ ಸ್ವಂತ ಅಭಿಪ್ರಾಯ ಅಚ್ಚಾಯಿತು. ನಾವು ಓದಿದ್ದು ಅದನ್ನೇ.

ಬರಹ ಶುರುವಾಗುವುದೇ ಒಂದು ಅಂಕಿಯ ಜಗಳದಿಂದ. ನೌಕೆ ಹಾರಿದಾಗ ನಾಶವಾಗುವ ಸಂಭವ ಎಷ್ಟು? ಕೈಯಿಟ್ಟು ಕೆಲಸ ಮಾಡುವ ಇಂಜಿನಿಯರುಗಳು ನೂರಕ್ಕೆ ಒಂದು ಅಂತಾರೆ. ಮೇಲಿನ ಅಧಿಕಾರಿಗಳು ಲಕ್ಷಕ್ಕೆ ಒಂದು ಅಂತಾರೆ. ಲಕ್ಷಕ್ಕೆ ಒಂದು ಅಂದರೆ ಏನು ಅಂತ ಫೈನ್‌ಮನ್ ಬಿಡಿಸಿ ಇಡುತ್ತಾರೆ: ದಿನಕ್ಕೊಂದರಂತೆ ಸುಮಾರು 300 ವರ್ಷ ಹಾರಿಸಿದರೂ ಒಂದೇ ಒಂದು ಹೋಗಬೇಕು. ಅಷ್ಟು ನಂಬಿಕೆ ಎಲ್ಲಿಂದ ಬಂತು? ಇಂಥ ಗಟ್ಟಿ ಇಂಧನದ ರಾಕೆಟ್ಟುಗಳ ಹಿಂದಿನ ಚರಿತ್ರೆ ತೆಗೆದರೆ ಸುಮಾರು 2,900 ಹಾರಾಟದಲ್ಲಿ 121 ಕೆಟ್ಟಿದ್ದವು. ಇಪ್ಪತ್ತೈದಕ್ಕೆ ಒಂದರ ಹತ್ತಿರ. ಹೊಸದರ ತಪ್ಪುಗಳನ್ನು ಬಿಟ್ಟು, ಜಾಸ್ತಿ ಎಚ್ಚರಿಕೆ ಸೇರಿಸಿ ಎಷ್ಟು ಉದಾರವಾಗಿ ಎಣಿಸಿದರೂ ನೂರಕ್ಕೆ ಒಂದರ ಆಚೆ ಹೋಗುವುದು ಕಷ್ಟ.

ನೌಕೆಯ ದೊಡ್ಡ ಇಂಜಿನ್ನಿನ ಬಗ್ಗೆ ಕೇಳಿದಾಗ ಬಂದ ಉತ್ತರಗಳನ್ನು ಅವರು ಒಟ್ಟಿಗೆ ಜೋಡಿಸಿಟ್ಟಿದ್ದಾರೆ. ತಯಾರಿಸಿದ ಕಂಪನಿಯ ಇಂಜಿನಿಯರುಗಳು ಹತ್ತು ಸಾವಿರಕ್ಕೆ ಒಂದು ಅಂದರು. ನಾಸಾದ ಇಂಜಿನಿಯರುಗಳು 300ಕ್ಕೆ ಒಂದು ಅಂದರು. ಅದೇ ಇಂಜಿನಿಯರುಗಳ ಮೇಲಿನವರು ಲಕ್ಷಕ್ಕೆ ಒಂದು ಅಂದರು. ಹೊರಗಿನಿಂದ ಸಲಹೆಗೆ ಬರುತ್ತಿದ್ದವರೊಬ್ಬರು ನೂರಕ್ಕೆ ಒಂದೋ ಎರಡೋ ಅಂದರು. ಇಂಜಿನ್ ಒಂದೇ, ಉತ್ತರ ನಾಲ್ಕು. ನಮ್ಮೂರಾಗ ಒಂದು ಎತ್ತಿಗೆ ನಾಲ್ಕು ಮಂದಿ ದಲ್ಲಾಳಿಗಳು ಬೆಲೆ ಕಟ್ಟಿದರೂ ಇಷ್ಟು ಅಂತರ ಬರುವುದಿಲ್ಲ.

ಆದರೆ ಬರಹದ ಜೀವ ಇರುವುದು ಈ ಜಗಳದಲ್ಲಿ ಅಂತ ನನಗೆ ಅನಿಸುವುದಿಲ್ಲ. ನಡುವೆ ಒಂದು ಸಣ್ಣ ಭಾಗ ಐತಿ, ಬಹಳ ಮಂದಿ ಅದನ್ನು ದಾಟಿ ಮುಂದಕ್ಕೆ ಹೋಗ್ತಾರ. ಹಿಂದಿನ ಹಾರಾಟಗಳಲ್ಲೂ ರಬ್ಬರ್ ಬಳೆ ಸುಟ್ಟಿತ್ತು. ಒಂದು ಸಾರಿ ಮೂರರಲ್ಲಿ ಒಂದು ಪಾಲು ಸವೆದಿತ್ತು. ಅಧಿಕಾರಿಗಳು ಏನಂದರು? ಪೂರ್ತಿ ಸವೆದರೆ ಮಾತ್ರ ಕೆಡುತ್ತದೆ, ಮೂರರಲ್ಲಿ ಒಂದೇ ಪಾಲು ಸವೆದಿದೆ, ಆದ್ದರಿಂದ ಮೂರು ಪಟ್ಟು ಭದ್ರತೆ ಉಂಟು. ಫೈನ್‌ಮನ್‌ಗೆ ಇಲ್ಲಿ ಸಿಟ್ಟು ಬರುತ್ತದೆ. ಸೇತುವೆಯ ಉದಾಹರಣೆ ಕೊಡುತ್ತಾರೆ. ಹೊರಬೇಕಾದ ಭಾರದ ಮೂರು ಪಟ್ಟು ಹೊತ್ತರೂ ತೊಲೆ ಸೀಳಬಾರದು, ಅದು ಮೂರು ಪಟ್ಟು ಭದ್ರತೆ. ದಿನದ ಭಾರಕ್ಕೇ ತೊಲೆಯ ಮೂರರಲ್ಲಿ ಒಂದು ಪಾಲಿನ ತನಕ ಸೀಳು ಬಂದರೆ ಅಲ್ಲಿ ಭದ್ರತೆ ಅನ್ನುವುದೇ ಉಳಿದಿಲ್ಲ, ಸೇತುವೆ ಬಿದ್ದಿಲ್ಲ ಅಷ್ಟೆ. ಬಳೆ ಸುಡಬೇಕು ಅಂತ ಯಾರೂ ಮಾಡಿಸಿದ್ದಲ್ಲ. ಸುಟ್ಟಿತು ಅಂದರೆ ಒಳಗೆ ಏನು ನಡೆದಿದೆ ಅಂತ ಮಾಡಿದವರಿಗೇ ತಿಳಿದಿಲ್ಲ ಅಂತಲೇ ಅರ್ಥ. ಕೆರೆ ಏರಿಯಲ್ಲಿ ನೀರು ಜಿನುಗಿದ್ದನ್ನು ನೋಡಿ "ಇನ್ನೂ ಮುಕ್ಕಾಲು ಏರಿ ಗಟ್ಟಿ ಐತಿ" ಅನ್ನುವ ನೀರಗಂಟಿಯನ್ನು ಊರವರು ಎಷ್ಟು ದಿನ ಇಟ್ಟುಕೊಂಡಾರು?

ಈ ಭದ್ರತೆಯ ಪಟ್ಟು ಅನ್ನುವ ಮಾತನ್ನು ಇನ್ನೂ ಸ್ವಲ್ಪ ಅಗೆಯಬೇಕು, ಯಾಕಂದರೆ ಸಂಭವದ ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳು ಹುಟ್ಟಿದ್ದೇ ಇದರ ಕೊರತೆಯಿಂದ. ನನ್ನ ಅಳಿಯ ಇದನ್ನು ರಾಕೆಟ್ಟಿನಲ್ಲಿ ಹೇಳಿದ. ನಾನು ಕಪಿಲಿ ಹಗ್ಗದಲ್ಲಿ ಹೇಳುತ್ತೇನೆ. ಕರೆಂಟ್ ಬರುವ ಮುಂಚೆ ಎತ್ತು ಕಟ್ಟಿ ಬಾವಿಯಿಂದ ನೀರು ಎಳೆದವರು ಇನ್ನೂ ಕೆಲವರು ಉಳಿದಿದ್ದಾರೆ. (ಕಪಿಲಿ ಹೊಡೆಯುವಾಗ ಹಾಡುತ್ತಿದ್ದ ಪದಗಳು ಅವರ ಜೊತೆಗೇ ಹೋಗ್ತಾವ, ಅದು ಬೇರೆ ಮಾತು.) ಹಗ್ಗ ಸರಾಸರಿ 300 ಕಿಲೋ ತಡೆಯುತ್ತದೆ ಅನ್ನಿ. ಬಾನಿಯ ಭಾರ ಸರಾಸರಿ 200 ಕಿಲೋ. ಭದ್ರತೆ ಒಂದೂವರೆ ಪಟ್ಟು. ಆದರೆ ಎಲ್ಲ ಹಗ್ಗವೂ 300 ತಡೆಯುವುದಿಲ್ಲ. ನಾರು ಒಂದು ಕಡೆ ಗಟ್ಟಿ, ಒಂದು ಕಡೆ ಸಡಿಲ. ಆಚೀಚೆ 30 ಕಿಲೋ ಏರುಪೇರು ಅನ್ನಿ. ಭಾರವೂ ಹಾಗೆಯೇ. ಎತ್ತು ಜಗ್ಗಿದಾಗ, ಬಾನಿ ಕಲ್ಲಿಗೆ ಸಿಕ್ಕಾಗ ಹೆಚ್ಚುತ್ತದೆ. ಅದಕ್ಕೆ 40 ಕಿಲೋ ಏರುಪೇರು. ಎರಡನ್ನೂ ಕೂಡಿಸುವ ರೀತಿ ಬೇರೆ. 30ರ ವರ್ಗ 900, 40ರ ವರ್ಗ 1,600, ಕೂಡಿದರೆ 2,500, ಅದರ ವರ್ಗಮೂಲ 50. ಹಗ್ಗಕ್ಕೂ ಭಾರಕ್ಕೂ ನಡುವಿನ ಅಂತರ 100. ಅಂದರೆ ಸುರಕ್ಷಿತ ಜಾಗ ಎರಡು ಏರುಪೇರಿನಷ್ಟು ಅಗಲ. ಮೇಷ್ಟ್ರು ಶಾಲೆಯಲ್ಲಿ ತೋರಿಸುವ ಗಂಟೆ ಆಕಾರದ ರೇಖೆಯ ಪ್ರಕಾರ ಇಂಥ ಹಗ್ಗ ಹರಿಯುವ ಸಂಭವ 44ಕ್ಕೆ ಒಂದರ ಸುಮಾರು.

ಈಗ ಇನ್ನೊಂದು ಹಗ್ಗ. ಸರಾಸರಿ ಅದೇ 300, ಭಾರ ಅದೇ 200, ಭದ್ರತೆ ಅದೇ ಒಂದೂವರೆ ಪಟ್ಟು. ಆದರೆ ಹೊಸೆದವನು ಕೈ ತಪ್ಪದವನು, ಏರುಪೇರು 15 ಮಾತ್ರ. ಎತ್ತು ಹೊಡೆಯುವವನೂ ನಿಧಾನಸ್ಥ, ಭಾರದ ಏರುಪೇರು 20. ಕೂಡಿದರೆ 25. ಸುರಕ್ಷಿತ ಜಾಗ ನಾಲ್ಕು ಏರುಪೇರಿನಷ್ಟು. ಈ ಹಗ್ಗ ಹರಿಯುವ ಸಂಭವ 31 ಸಾವಿರಕ್ಕೆ ಒಂದು. ಎರಡರ ಮೇಲೂ "ಒಂದೂವರೆ ಪಟ್ಟು ಭದ್ರ" ಅಂತ ಚೀಟಿ ಅಂಟಿಸಿ ಸಂತೆಯಲ್ಲಿ ಮಾರಬಹುದು, ಕೊಳ್ಳುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸರಾಸರಿ ನೋಡುವ ಹಳೆಯ ಲೆಕ್ಕ ಏರುಪೇರನ್ನು ಮುಚ್ಚಿಡುತ್ತದೆ, ಹೊಸ ಲೆಕ್ಕ ಬಿಚ್ಚಿ ತೋರಿಸುತ್ತದೆ. "ಕಂಪ್ಯೂಟರ್ ಲೆಕ್ಕ ಅಂದ್ರ ಇಷ್ಟ" ಅಂದವರಿಗೆ ನನ್ನ ಮೊದಲ ಉತ್ತರ ಇದು.

ಹಗ್ಗಕ್ಕೆ ಇರುವುದು ಎರಡೇ ಏರುಪೇರು, ಪೆನ್ಸಿಲ್ ಸಾಕು. ಇಂಜಿನ್ನಿನ ಒಂದು ಟರ್ಬೈನ್ ರೆಕ್ಕೆಗೆ ಬಿಸಿ, ಒತ್ತಡ, ತಿರುಗುವ ವೇಗ, ಲೋಹದ ಗುಣ, ಅಚ್ಚಿನ ಅಳತೆ ಎಲ್ಲವೂ ಏರುಪೇರೇ. ಅದಕ್ಕೆ ಒಂದು ಉಪಾಯ ಸ್ಟಾನಿಸ್ಲಾವ್ ಉಲಾಂ ಎಂಬ ಗಣಿತಜ್ಞರಿಗೆ 1946ರಲ್ಲಿ ಹೊಳೆಯಿತು. ಕಾಯಿಲೆ ಬಿದ್ದು ಸುಧಾರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುವಾಗ, ಈ ಆಟ ಗೆಲ್ಲುವ ಸಂಭವ ಎಷ್ಟು ಅಂತ ಲೆಕ್ಕ ಹಾಕಿ ಸೋತರಂತೆ. ಲೆಕ್ಕ ಹಾಕುವ ಬದಲು ನೂರು ಸಾರಿ ಆಡಿ ಎಷ್ಟು ಗೆದ್ದೆ ಅಂತ ಎಣಿಸಿದರೆ ಆಗದೇ? ಫಾನ್ ನಾಯ್ಮನ್ ಎಂಬ ಗೆಳೆಯರು ಅದನ್ನು ಆಗಷ್ಟೇ ಹುಟ್ಟಿದ್ದ ಕಂಪ್ಯೂಟರಿಗೆ ಒಗ್ಗಿಸಿದರು. ಜೂಜಿನ ಊರಿನ ಹೆಸರಿನಲ್ಲಿ ಮಾಂಟೆ ಕಾರ್ಲೋ ಅಂತ ಕರೆದರು. ನಾವು ಇದನ್ನು ಚೌಕಾಬಾರ ಅನ್ನಬಹುದಿತ್ತು. ನಾಲ್ಕು ಕವಡಿ ಹಾಕಿದಾಗ ನಾಲ್ಕೂ ಬೋರಲು ಬಿದ್ದು ಎಂಟು ಬರುವ ಸಂಭವ ಎಷ್ಟು? ಸಾವಿರ ಸಾರಿ ಹಾಕಿ ಎಣಿಸು, ಅಷ್ಟೇ. ಕಂಪ್ಯೂಟರ್ ಆಡುವುದೂ ಇದನ್ನೇ. ಪ್ರತಿ ಸಾರಿಯೂ ಒಂದು ಬಿಸಿ, ಒಂದು ಒತ್ತಡ, ಒಂದು ಲೋಹದ ಗುಣವನ್ನು ಕವಡಿಯಂತೆ ಎತ್ತಿ ಹಾಕಿ, ರೆಕ್ಕೆ ಉಳಿಯಿತೋ ಮುರಿಯಿತೋ ಅಂತ ಬರೆದುಕೊಳ್ಳುತ್ತದೆ.

ತೊಂದರೆ ಏನಂದರೆ, ಲಕ್ಷಕ್ಕೆ ಒಂದು ಮುರಿಯುವ ರೆಕ್ಕೆಯ ಸಂಭವವನ್ನು ನೆಚ್ಚಿಕೊಳ್ಳುವಂತೆ ಎಣಿಸಬೇಕಾದರೆ ಲಕ್ಷ ಸಾರಿ ಸಾಲದು, ಕೋಟಿಯ ಲೆಕ್ಕದಲ್ಲಿ ಹಾಕಬೇಕು. ಒಂದೊಂದು ಸಾರಿಗೂ ಕಂಪ್ಯೂಟರ್ ಗಂಟೆಗಟ್ಟಲೆ ತೆಗೆದುಕೊಂಡರೆ ಹುಟ್ಟಿದ ಮಗು ಮುದುಕನಾದರೂ ಮುಗಿಯದು. ಅದಕ್ಕೆ ಒಳದಾರಿ ಹುಡುಕಿದರು. ಹ್ಯಾಸೊಫರ್, ಲಿಂಡ್ ಎಂಬ ಇಬ್ಬರು 1974ರಲ್ಲಿ ತೋರಿಸಿದ ದಾರಿ ನೀರಗಂಟಿಯದು: ಏರಿಯ ಉದ್ದಕ್ಕೂ ಅಳೆಯಬೇಡ, ಒಡೆಯುವುದಾದರೆ ಯಾವ ಜಾಗದಲ್ಲಿ ಮೊದಲು ಒಡೆಯುತ್ತದೋ ನೇರ ಅಲ್ಲಿಗೆ ಹೋಗು. ಈಗಿನ ಸ್ಥಿತಿಯಿಂದ ಒಡೆಯುವ ಸ್ಥಿತಿಗೆ ಎಲ್ಲಕ್ಕಿಂತ ಹತ್ತಿರದ ದಾರಿ ಎಷ್ಟು ಉದ್ದ ಅಂತ ಅಳೆ. ಹಗ್ಗದ ಲೆಕ್ಕದಲ್ಲಿ ಬಂದ ಎರಡು, ನಾಲ್ಕು ಅನ್ನುವ ಅಂಕಿಗಳು ಆ ಉದ್ದವೇ. ಇದರಲ್ಲಿ ಇನ್ನೊಂದು ಲಾಭ ಐತಿ, ನನ್ನ ಪ್ರಕಾರ ಇದೇ ದೊಡ್ಡದು. ಯಾವ ಏರುಪೇರು ಅಪಾಯವನ್ನು ಹೆಚ್ಚು ಎಳೆಯುತ್ತಿದೆ ಅಂತಲೂ ಹೇಳುತ್ತದೆ. ಮೊದಲ ಹಗ್ಗದಲ್ಲಿ 2,500ರಲ್ಲಿ 1,600 ಪಾಲು ಭಾರದ ಏರುಪೇರಿನದು. ಹಗ್ಗ ಹೊಸೆಯುವವನನ್ನು ಬೈಯುವ ಬದಲು ಎತ್ತು ಹೊಡೆಯುವವನಿಗೆ ಹೇಳು ಅಂತ ಲೆಕ್ಕವೇ ಹೇಳಿತು. ಕೊನೆಯ ಅಂಕಿಗಿಂತ ಈ ಮಾತಿಗೆ ಬೆಲೆ ಹೆಚ್ಚು. ಒಳದಾರಿಗೆ ಒಂದು ಕುರುಡೂ ಐತಿ. ಏರಿಯಲ್ಲಿ ಸೋತ ಜಾಗ ಇನ್ನೊಂದು ಇದ್ದರೆ, ಮೊದಲನೆಯದನ್ನು ಕಂಡು ಅಲ್ಲೇ ನಿಂತವನಿಗೆ ಅದು ಕಾಣುವುದಿಲ್ಲ.

ಹೀಗೆ ಹಲವು ರೀತಿಗಳನ್ನು ಒಂದೇ ಕಡೆ ಇಟ್ಟು ಮಾಡಿದ ಒಂದು ಸಾಫ್ಟ್‌ವೇರಿನ ಹೆಸರು ನೆಸ್ಸಸ್. ಅಮೆರಿಕದ ಟೆಕ್ಸಾಸಿನ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರ ತಂಡ 1980ರ ದಶಕದಲ್ಲಿ ನಾಸಾಗಾಗಿಯೇ ಅದನ್ನು ಕಟ್ಟಿತು. ಫೈನ್‌ಮನ್ ತಮ್ಮ ಬರಹದಲ್ಲಿ ರೆಕ್ಕೆ ಸೀಳುವುದರ ಬಗ್ಗೆ ಬರೆದಿದ್ದಾರಲ್ಲ, ಅದೇ ಇಂಜಿನ್ನಿನ ಬಿಡಿಭಾಗಗಳಿಗಾಗಿ. ಲಕ್ಷಕ್ಕೆ ಒಂದು ಅಂತ ಬಾಯಿಗೆ ಬಂದದ್ದು ಹೇಳುವ ಕಾಲ ಹೋಗಿ, ಏರುಪೇರನ್ನು ಮುಂದಿಟ್ಟುಕೊಂಡು ಎಣಿಸುವ ಕಾಲ ಬಂತು.

ಇಷ್ಟಾದ ಮೇಲೆ ಫೈನ್‌ಮನ್ನರ ಬರಹದ ಕೊರತೆ ಹೇಳಬಹುದು. ಅಧಿಕಾರಿಗಳ ಲಕ್ಷಕ್ಕೆ ಒಂದನ್ನು ಅವರು ಸರಿಯಾಗಿ ಹಿಡಿದು ಕೇಳುತ್ತಾರೆ. ಇಂಜಿನಿಯರುಗಳು ಹೇಳಿದ 300ಕ್ಕೆ ಒಂದು ಎಲ್ಲಿಂದ ಬಂತು ಅಂತ ಅಷ್ಟೇ ಬಿಗಿಯಾಗಿ ಕೇಳುವುದಿಲ್ಲ. ಕೆಲಸ ಬಲ್ಲವರ ಮಾತು ಅನ್ನುವ ಗೌರವದಿಂದ ಬಿಟ್ಟಿದ್ದಾರೆ. ಗೌರವ ಸರಿಯೇ ಇತ್ತು ಅಂತ ಕಾಲ ತೋರಿಸಿತು. 2011ರಲ್ಲಿ ನೌಕೆಗಳು ನಿವೃತ್ತಿ ಆಗುವ ಹೊತ್ತಿಗೆ ಒಟ್ಟು 135 ಹಾರಾಟ, ಎರಡು ನೌಕೆ ನಾಶ, 14 ಸಾವು. ಆದರೆ ಸರಿಯಾಗಿ ಊಹಿಸುವುದು ಬೇರೆ, ಊಹೆಯ ಬುಡ ತೋರಿಸುವುದು ಬೇರೆ. ನೌಕೆಗಳ ಕಾಲ ಮುಗಿಯುವ ಹೊತ್ತಿಗೆ ನಾಸಾದವರೇ ಹಿಂದಕ್ಕೆ ಹೋಗಿ ಎಣಿಸಿದಾಗ ಮೊಟ್ಟಮೊದಲ ಹಾರಾಟಗಳ ಅಪಾಯ 9ಕ್ಕೆ 1ರ ಹತ್ತಿರ ಇತ್ತು ಅಂತ ಕಂಡಿತು. ಇಂಜಿನಿಯರುಗಳ ನೂರಕ್ಕೆ ಒಂದೂ ಆ ಹೊತ್ತಿಗೆ ಹೆಚ್ಚಿನ ಧೈರ್ಯವೇ.

ಇನ್ನೊಂದು ಕೊರತೆ ಬರಹದ್ದೋ ಓದುವವರದ್ದೋ ತಿಳಿಯದು. ಬರಹದ ಕೊನೆಯ ವಾಕ್ಯ ಬಲು ಚಂದ ಐತಿ, ಲೋಕವೆಲ್ಲ ಅದನ್ನೇ ಹೇಳುತ್ತದೆ. ಭಜನಿಯಲ್ಲೂ ಹಾಗೇ ಆಗ್ತದ. ಪಲ್ಲವಿಗೆ ತಾಳ ಹಾಕಿ ಎಲ್ಲರೂ ದನಿಗೂಡಿಸುತ್ತಾರೆ, ವಿಚಾರ ಇರುವ ನುಡಿ ಬಂದಾಗ ಎಲೆ ಅಡಿಕೆ ಹುಡುಕುತ್ತಾರೆ. ಫೈನ್‌ಮನ್ನರ ನುಡಿಗಳಲ್ಲಿ ಒಂದನ್ನು ಹೇಳಬೇಕು. ಬಳೆ ಎಷ್ಟು ಸುಡುತ್ತದೆ ಅಂತ ಹೇಳಲು ಕಂಪನಿಯವರು ಒಂದು ಗಣಿತದ ಸೂತ್ರ ಮಾಡಿದ್ದರು. ಹಳೆಯ ಅಳತೆಗಳ ನಡುವೆ ಗೆರೆ ಎಳೆದರು. ಅಳತೆಗಳು ಆ ಗೆರೆಗಿಂತ ಎರಡು ಪಟ್ಟು ಮೇಲೆ, ಎರಡು ಪಟ್ಟು ಕೆಳಗೆ ಚೆಲ್ಲಿದ್ದವು. ಚೆಲ್ಲಿದ್ದನ್ನು ಮರೆತು ಗೆರೆಯನ್ನೇ ಸತ್ಯ ಅಂದರು. ಮೇಲಾಗಿ ಬಿಸಿ ಗಾಳಿ ಸೋರಿ ಆಚೆ ಹೋಗುವ ಸಂಗತಿಯೇ ಆ ಸೂತ್ರದಲ್ಲಿ ಇರಲಿಲ್ಲ. ಇದು ಸಾಫ್ಟ್‌ವೇರ್ ಬಳಸುವ ಪ್ರತಿಯೊಬ್ಬನೂ ಗೋಡೆಗೆ ಅಂಟಿಸಿಕೊಳ್ಳಬೇಕಾದ ನುಡಿ.

ಯಾಕಂದರೆ ಕವಡಿಯ ಮಾತಿಗೇ ಬನ್ನಿ. ನಾಲ್ಕೂ ಬೋರಲು ಬೀಳುವ ಸಂಭವ 16ಕ್ಕೆ ಒಂದು ಅಂತ ಪುಸ್ತಕದ ಲೆಕ್ಕ. ಅದು ಕವಡಿ ನಾಣ್ಯದಂತೆ ಅರ್ಧಕ್ಕರ್ಧ ಬೀಳುತ್ತದೆ ಅಂದುಕೊಂಡಾಗ. ಕವಡಿಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅದು ಅರ್ಧಕ್ಕರ್ಧ ಬೀಳಲೇಬೇಕು ಅಂತ ಯಾವ ಶಾಸ್ತ್ರ? ತೇಯ್ದ ಹುಣಸಿಬೀಜ ಇನ್ನೂ ಬೇರೆ. ಆಡುವ ಹೆಂಗಸರಿಗೆ ಯಾವ ಕವಡಿ ಹೇಗೆ ಬೀಳುತ್ತದೆ ಅಂತ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ, ನಾವು ಏನು ಹೇಳಿದೆವೋ ಅದನ್ನೇ ನಂಬಿ ಕೋಟಿ ಸಾರಿ ಹಾಕುತ್ತದೆ. ನನ್ನ ಎರಡನೇ ಹಗ್ಗದ 31 ಸಾವಿರಕ್ಕೆ ಒಂದು ಅನ್ನುವ ಅಂಕಿಯೂ ಗಂಟೆ ರೇಖೆಯ ತುತ್ತತುದಿಯಿಂದ ಬಂದದ್ದು. ಆ ತುದಿಯನ್ನು ಕಂಡವರು ಯಾರು? ಒಂದೇ ಒಂದು ಹರಿದ ಹಗ್ಗ ಕಾಣಲು ಸುಮಾರು 31 ಸಾವಿರ ಹಗ್ಗ ಎಳೆದು ನೋಡಬೇಕು. ಯಾರೂ ಎಳೆದಿರುವುದಿಲ್ಲ. ನೂರಕ್ಕೆ ಎರಡು ಅನ್ನುವ ಅಂಕಿಯನ್ನು ನಾನು ನಂಬುತ್ತೇನೆ, ಲಕ್ಷಕ್ಕೆ ಮೂರು ಅನ್ನುವುದನ್ನು ಅಷ್ಟು ನಂಬುವುದಿಲ್ಲ, ಎರಡನ್ನೂ ಒಂದೇ ಸಾಫ್ಟ್‌ವೇರ್ ಕೊಟ್ಟಿದ್ದರೂ ಸರಿ.

ಬಳೆಗಳು ಎರಡಿದ್ದವು ಅಂದೆ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ ಅನ್ನುವ ಧೈರ್ಯ. ಒಂದೊಂದೂ ನೂರಕ್ಕೆ ಒಂದು ಕೆಡುವುದಾದರೆ ಎರಡೂ ಕೆಡುವುದು ಹತ್ತು ಸಾವಿರಕ್ಕೆ ಒಂದು. ಆದರೆ ಇಬ್ಬರಿಗೂ ಬಡಿದದ್ದು ಒಂದೇ ಚಳಿ, ಸಂದು ತೆರೆದಾಗ ಇಬ್ಬರಿಗೂ ತೆರೆದದ್ದು ಒಂದೇ ಸಂದು. ಹೊಲದಲ್ಲಿ ಎರಡು ಮೋಟರ್ ಇದ್ದರೇನು, ಟ್ರಾನ್ಸ್‌ಫಾರ್ಮರ್ ಒಂದೇ ಅಲ್ಲವೇ. ಎರಡನೇ ಬಳೆಯನ್ನು ನಂಬುವ ಹಾಗಿಲ್ಲ ಅಂತ ನಾಸಾದ ಕಾಗದದಲ್ಲೇ 1982ರ ಕೊನೆಯಲ್ಲಿ ಬರೆದಾಗಿತ್ತು. ಆಮೇಲೂ ಹಾರಾಟ ನಡೆಯಿತು.

ಎಣಿಸುವವರು ಏನನ್ನು ಎಣಿಕೆಗೆ ತಗೊಂಡರು ಅನ್ನುವುದೂ ಅಷ್ಟೇ ಮುಖ್ಯ. ಹಾರಾಟದ ಹಿಂದಿನ ರಾತ್ರಿ, ಇಷ್ಟು ಚಳಿಯಲ್ಲಿ ಬೇಡ ಅಂತ ರಾಕೆಟ್ ಮಾಡಿದ ಕಂಪನಿಯ ಇಂಜಿನಿಯರುಗಳು ಫೋನಿನಲ್ಲಿ ವಾದಿಸಿದರು. ಬಳೆ ಕೆಟ್ಟ ಹಾರಾಟಗಳ ಪಟ್ಟಿ ಮುಂದಿಟ್ಟರು. ಅದರಲ್ಲಿ ಚಳಿಯಲ್ಲೂ ಕೆಟ್ಟದ್ದಿತ್ತು, ಬೆಚ್ಚಗಿದ್ದಾಗಲೂ ಕೆಟ್ಟದ್ದಿತ್ತು. ಚಳಿಗೂ ಬಳೆಗೂ ಸಂಬಂಧ ಕಾಣಲಿಲ್ಲ. ಕೆಡದೇ ಇದ್ದ ಹಾರಾಟಗಳನ್ನು ಪಟ್ಟಿಗೆ ಸೇರಿಸಿರಲಿಲ್ಲ. ಸೇರಿಸಿ ನೋಡಿದರೆ 19 ಡಿಗ್ರಿಗೆ ಮೇಲ್ಪಟ್ಟ 20 ಹಾರಾಟಗಳಲ್ಲಿ ಮೂರರಲ್ಲಿ ಮಾತ್ರ ಬಳೆ ಕೆಟ್ಟಿತ್ತು, 18 ಡಿಗ್ರಿಗೆ ಕೆಳಗಿನ ನಾಲ್ಕಕ್ಕೆ ನಾಲ್ಕರಲ್ಲೂ ಕೆಟ್ಟಿತ್ತು. ಇದಕ್ಕೆ ಕಂಪ್ಯೂಟರೂ ಬೇಡ, ಇದ್ದಲಿನಲ್ಲಿ ಗೋಡೆಯ ಮೇಲೆ ಬರೆದರೂ ಕಾಣುತ್ತದೆ. ದಲಾಲ್, ಫೌಲ್ಕ್ಸ್, ಹೋಡ್ಲಿ ಎಂಬ ಮೂವರು ಸಂಖ್ಯಾಶಾಸ್ತ್ರದವರು 1989ರಲ್ಲಿ ಅದೇ ಅಳತೆಗಳಿಂದ ಲೆಕ್ಕ ಹಾಕಿದರು. ಆವತ್ತಿನಂಥ ಚಳಿಗೆ ಅನಾಹುತದ ಸಂಭವ ನೂರಕ್ಕೆ ಕನಿಷ್ಠ 13. ಹದಿನೈದೂವರೆ ಡಿಗ್ರಿ ಆಗುವ ತನಕ ಕಾದಿದ್ದರೆ ನೂರಕ್ಕೆ 2ರ ಸುಮಾರು. ಬಿಸಿಲೇರುವ ತನಕ ತಡೆಯಬೇಕಿತ್ತು ಅಷ್ಟೇ.

ಸಾಫ್ಟ್‌ವೇರ್ ಹೇಳಿದ್ದನ್ನು ಕೇಳದೇ ಕೆಟ್ಟದ್ದೂ ಉಂಟು. 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಹಾರುವಾಗ ಟ್ಯಾಂಕಿನ ನೊರೆಯ ತುಂಡೊಂದು ಕಳಚಿ ಎಡ ರೆಕ್ಕೆಗೆ ಬಡಿಯಿತು. ಕ್ರೇಟರ್ ಎಂಬ ಕಂಪ್ಯೂಟರ್ ಸೂತ್ರದಿಂದ ಪೆಟ್ಟಿನ ಆಳ ನೋಡಿದರು. ಇದು ಸಂಭವ ಎಣಿಸುವ ಸೂತ್ರ ಅಲ್ಲ, ಆದರೆ ಕಥೆ ಒಂದೇ. ಸಣ್ಣ ಸಣ್ಣ ಚೂರುಗಳ ಪರೀಕ್ಷೆಯಿಂದ ಹುಟ್ಟಿದ ಆ ಸೂತ್ರದ ಎದುರು ಬಂದದ್ದು ಅವುಗಳಿಗಿಂತ ನೂರಾರು ಪಟ್ಟು ದೊಡ್ಡ ತುಂಡು. ಆದರೂ ಪೆಟ್ಟು ಹೊದಿಕೆಯ ಬಿಲ್ಲೆಯನ್ನು ದಾಟಿ ಒಳಗೆ ಹೋದೀತು ಅಂತಲೇ ಕ್ರೇಟರ್ ಹೇಳಿತು. ಇದು ಯಾವಾಗಲೂ ಜಾಸ್ತಿಯೇ ಹೇಳುತ್ತದೆ ಅಂತ ಅದರ ಮಾತನ್ನು ಪಕ್ಕಕ್ಕಿಟ್ಟರು. ಫೆಬ್ರವರಿ 1ರಂದು ನೌಕೆ ಇಳಿಯುವಾಗ ಉರಿದುಹೋಯಿತು. ನಮ್ಮ ದೇಶದಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದರು. ಬೇಕಾದ ಉತ್ತರ ಬಂದಾಗ ಕಂಪ್ಯೂಟರ್ ಹೇಳಿದೆ ಅನ್ನುವುದು, ಬೇಡದ್ದು ಬಂದಾಗ ಸೂತ್ರ ಸರಿ ಇಲ್ಲ ಅನ್ನುವುದು. ಫೈನ್‌ಮನ್ 1988ರಲ್ಲೇ ತೀರಿಕೊಂಡಿದ್ದರು. ಇದ್ದಿದ್ದರೆ ತಮ್ಮ ಬರಹಕ್ಕೆ ಇನ್ನೊಂದು ನುಡಿ ಸೇರಿಸುತ್ತಿದ್ದರೋ ಏನೋ.

ಈಗ ನಮ್ಮ ಡ್ಯಾಮಿಗೆ ಬರುತ್ತೇನೆ. ತುಂಗಭದ್ರಾ ಡ್ಯಾಮ್ 1953ರಲ್ಲಿ ಮುಗಿದದ್ದು. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಡ್ಯಾಮ್ ತುಂಬಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ನದಿಗೆ ನೀರು ಬಿಡಬೇಕಾಯಿತು. ಕನ್ನಯ್ಯ ನಾಯ್ಡು ಅವರ ಜೊತೆಗಿದ್ದ ಕೆಲಸಗಾರರು ಹರಿಯುವ ನೀರಿನಲ್ಲೇ ತುಂಡು ತುಂಡಾಗಿ ತಾತ್ಕಾಲಿಕ ಗೇಟು ಇಳಿಸಿ ಒಂದು ವಾರದೊಳಗೆ ನಿಲ್ಲಿಸಿದರು. ಆ ವಾರ ಕಾಲುವೆ ಕೆಳಗಿನ ಹಳ್ಳಿಗಳಲ್ಲಿ ನಿದ್ದೆ ಮಾಡಿದವರು ಕಡಿಮೆ.

ಆಮೇಲೆ ಕಟ್ಟೆಯ ಮೇಲೆ ಕೂತು ಮಾತಾಡುವಾಗ ಒಬ್ಬರು "ಎಪ್ಪತ್ತು ವರ್ಷಕ್ಕ ಒಂದು ಸಾರಿ ಆಗೈತಿ, ಇನ್ನ ಎಪ್ಪತ್ತು ವರ್ಷ ಚಿಂತಿಲ್ಲ" ಅಂದರು. 2009ರ ಅಕ್ಟೋಬರಿನಲ್ಲಿ ಮಂತ್ರಾಲಯ ಮುಳುಗಿದಾಗಲೂ ಇದೇ ಮಾತು, ನೂರು ವರ್ಷಕ್ಕೊಮ್ಮೆ ಬರುವ ನೀರು ಬಂದು ಹೋಯಿತು ಅಂತ. ನೂರು ವರ್ಷಕ್ಕೊಮ್ಮೆ ಅಂದರೆ ಪ್ರತಿ ವರ್ಷವೂ ನೂರಕ್ಕೆ ಒಂದು ಅಂತ ಅರ್ಥ. ನದಿಗೆ ಹೋದ ಸಾರಿ ಬಂದದ್ದು ನೆನಪಿರುವುದಿಲ್ಲ. ಮನೆ ಕಟ್ಟಿ 30 ವರ್ಷ ಅಲ್ಲೇ ಇರುವವನಿಗೆ ಅಂಥ ನೀರು ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26.

ಸರಪಳಿಗೆ ಇದೇ ಲೆಕ್ಕ ಹಾಕಿ ನೋಡೋಣ. ಇದು ಬರೀ ಉದಾಹರಣೆಯ ಅಂಕಿ, ಡ್ಯಾಮಿನ ಅಳತೆ ಅಲ್ಲ. ಒಂದು ಗೇಟಿನ ಸರಪಳಿ ಒಂದು ವರ್ಷದಲ್ಲಿ ತುಂಡಾಗುವ ಸಂಭವ ಸಾವಿರಕ್ಕೆ ಒಂದು ಅನ್ನಿ. ಕೇಳಲು ಚಿಕ್ಕದು. ಗೇಟು 33. ಯಾವುದಾದರೂ ಒಂದು ತುಂಡಾಗುವ ಸಂಭವ ವರ್ಷಕ್ಕೆ 31ಕ್ಕೆ ಒಂದಾಯಿತು. ಮೂವತ್ತು ವರ್ಷಕ್ಕೆ ನೂರಕ್ಕೆ 63. ಇದೂ ಪ್ರತಿ ಸರಪಳಿ ಬೇರೆ ಬೇರೆ ಹಣೆಬರಹದ್ದು ಅಂದುಕೊಂಡು. ಒಂದೇ ಕಾಲದಲ್ಲಿ ಹಾಕಿ, ಒಂದೇ ನೀರಿನಲ್ಲಿ ನೆನೆದು, ಒಂದೇ ಬಿಸಿಲಿನಲ್ಲಿ ಒಣಗಿದವು ಎರಡು ಬಳೆಗಳ ಹಾಗೆಯೇ. ಒಂದು ಹರಿಯಿತು ಅಂದರೆ ಉಳಿದವುಗಳ ಬಗ್ಗೆ ಧೈರ್ಯ ಹೆಚ್ಚಬಾರದು, ಅನುಮಾನ ಹೆಚ್ಚಬೇಕು.

ಇನ್ನು ಮುಂದೆ ಯಾವ ಡ್ಯಾಮಿನ ಗೇಟು ಹೊಸದಾಗಿ ಕೂರಿಸಿದರೂ ಇಂಥ ಸಾಫ್ಟ್‌ವೇರಿನಲ್ಲಿ ನೋಡಿಯೇ ಕೂರಿಸಲಿ ಅಂತ ನಾನು ಬಯಸುವವನು. ಆದರೆ ಅಂಕಿ ಒಂದನ್ನೇ ತಂದು ನಮ್ಮ ಮುಂದೆ ಇಟ್ಟರೆ ಒಪ್ಪುವುದಿಲ್ಲ. ಸರಪಳಿಯ ತುಕ್ಕು ಅಳೆದವರು ಯಾರು, ಎಷ್ಟು ಕೊಂಡಿ ಅಳೆದರು, ಕೆಡದ ಕೊಂಡಿಗಳನ್ನೂ ಪಟ್ಟಿಯಲ್ಲಿ ಬರೆದರೋ ಇಲ್ಲವೋ, 33ನ್ನೂ ಬೇರೆ ಬೇರೆ ಅಂತ ಎಣಿಸಿದರೋ ಒಂದೇ ಅಂತ ಎಣಿಸಿದರೋ, ಇದನ್ನೆಲ್ಲ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಕೊಡಬೇಕು. ಮೇಷ್ಟ್ರು ಇದ್ದಾರೆ, ಓದಿ ಹೇಳುತ್ತಾರೆ. ಪ್ರತಿ ವರ್ಷ ಕಾಲುವೆಗೆ ನೀರು ಬಿಡುವ ತಾರೀಖು ಪೇಪರಿನಲ್ಲಿ ಬರುತ್ತದೆ, ನಾವು ಅದನ್ನು ನೋಡಿ ಬಿತ್ತನೆಗೆ ಇಳಿಯುತ್ತೇವೆ. ಅದರ ಪಕ್ಕದಲ್ಲೇ ಸರಪಳಿ ಪರೀಕ್ಷೆ ಮಾಡಿದ ತಾರೀಖೂ ಬರಲಿ.